ಮಗಳಿಗೊಂದು ಪತ್ರ: ನಿನ್ನ ‘ಓಕೆ’ ತಲುಪಿತು

ಪುಟ್ಟಿ,

ಭಾನುವಾರ ಫೋನಿನಲ್ಲಿ ಆಡಿದ್ದು ಇಬ್ಬರಿಗೂ ಗೊತ್ತು, ಮತ್ತೆ ಬರೆಯೋಲ್ಲ. ದನಿ ಏರಿಸಿದ್ದಕ್ಕೆ ಬೇಜಾರಿದೆ, ಹೇಳಿದ ಮಾತಿಗಲ್ಲ. ಆಮೇಲೆ ಕೂತು ಕಳಿಸಿದ ಅಷ್ಟುದ್ದದ ಮೆಸೇಜಿಗೆ ಬಂದ ಉತ್ತರ ‘ಓಕೆ’. ಮಾರನೇ ದಿನ ಅದೂ ಸವೆದು ಬರೀ ‘ಕೆ’.

ಇಂಗ್ಲಿಷ್ ಮೇಷ್ಟ್ರ ಚಾಳಿ ಪೆನ್ಷನ್ ಬಂದಮೇಲೂ ಬಿಟ್ಟಿಲ್ಲ, ಸಹಿಸಿಕೋ. ನೀನೀಗ ಇರುವ ಬಾಸ್ಟನ್ನಿನದೇ ಪದ ಈ ‘ಓಕೆ’. ಸಿಕ್ಕಿರುವ ಮೊದಲ ಅಚ್ಚು 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನದು. ಬೇಕೆಂದೇ ಕಾಗುಣಿತ ಕೆಡಿಸಿ ಮೊದಲಕ್ಷರಗಳನ್ನಷ್ಟೇ ಬರೆಯುವ ಹುಚ್ಚು ಆಗಿನ ಪತ್ರಿಕೆಯವರಿಗೆ. ‘ಆಲ್ ಕರೆಕ್ಟ್’ (all correct) ಕೆಟ್ಟು ‘ಓಲ್ ಕೊರೆಕ್ಟ್’ (oll korrect) ಆಗಿ, ಓ.ಕೆ. ಆಯಿತು. ಎಲ್ಲ ಸರಿ ಅನ್ನೋ ಪದದಲ್ಲೇ ಎರಡಕ್ಷರವೂ ತಪ್ಪು, ನೋಡು! 1840ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಕಿಂಡರ್‌ಹುಕ್ ಊರಿನ ಮಾರ್ಟಿನ್ ವ್ಯಾನ್ ಬ್ಯೂರನ್ನನ ಕಡೆಯವರು ‘ಓಲ್ಡ್ ಕಿಂಡರ್‌ಹುಕ್’ ಅಂತ ಓ.ಕೆ. ಕ್ಲಬ್ ಕಟ್ಟಿದರು. ಆತ ಸೋತ, ಪದ ಉಳಿಯಿತು. ಈ ಜಾಡನ್ನೆಲ್ಲ ಹಿಡಿದವರು ಅಲೆನ್ ವಾಕರ್ ರೀಡ್ ಅನ್ನೋ ಪ್ರೊಫೆಸರು, 1960ರ ದಶಕದಲ್ಲಿ.

ನನ್ನ ತಲೆಯಲ್ಲಿರುವುದು ಮಾತ್ರ ಆ ಹಾಸ್ಟೆಲ್. ಪಿಯುಸಿಯಲ್ಲಿ ಫೋನ್ ಮಾಡಿದಾಗಲೆಲ್ಲ “ಓಕೆ ಅಪ್ಪ” ಅಂದೆ. ಊಟ? ಓಕೆ. ನಿದ್ದೆ? ಓಕೆ. ಡೆಂಗಿ ಜ್ವರ ಅಂತ ನಿನ್ನ ಗೆಳತಿ ಹೇಳುವ ಹೊತ್ತಿಗೆ ನಿನಗೆ ಎದ್ದು ನಿಲ್ಲಲೂ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಬರುತ್ತಾ ನಿನ್ನ ಒಂದೊಂದು ‘ಓಕೆ’ಯನ್ನೂ ನೆನೆಸಿಕೊಂಡೆ, ಯಾವುದರಲ್ಲಿ ಜ್ವರ ಶುರುವಾಗಿತ್ತು ಅಂತ. ಇವತ್ತಿಗೂ ಗೊತ್ತಾಗಿಲ್ಲ. ನೀನು ‘ಹೂಂ’ ಅಂದಿದ್ದರೆ ಎಳೆತದಲ್ಲೇ ಹಿಡಿಯುತ್ತಿದ್ದೆ. ಸಿಟ್ಟಿನ ಹೂಂ ಮೊಟಕು, ಸುಸ್ತಿನದು ಮೂಗಿನಲ್ಲಿ, ಕೇಳಿಸಿಕೊಳ್ಳದೆ ಅಂದದ್ದು ಒಂದು ಕ್ಷಣ ತಡ. ಓಕೆ ಎಲ್ಲದಕ್ಕೂ ಒಂದೇ ಸಮ. ನಿನ್ನಮ್ಮ ಕೇಳಿದರೆ “ಬಸ್ಸಿನ ಪುರಾಣ ಮತ್ತೆ ಶುರು” ಅಂತಾಳೆ.

ಪರದೇಶದಲ್ಲಿ ಒಬ್ಬಳೇ ಮನೆ ಹುಡುಕಿ, ಫೀಸು ಹೊಂದಿಸಿ ನಿಂತವಳು ನೀನು. ಬೀದಿಯವರಿಗೆಲ್ಲ ಕರೆದು ಹೇಳಿದ್ದೇನೆ. ಆದರೂ ಹೇಳ್ತೀನಿ: ಒಪ್ಪದಿದ್ದರೆ ಒಪ್ಪೋಲ್ಲ ಅನ್ನು. ಪ್ರೊಫೆಸರಿಗೂ ಅನ್ನು, ಮನೆ ಮಾಲೀಕನಿಗೂ ಅನ್ನು. ಮಾತು ಮುಗಿಸೋಕೆ ಓಕೆ ಅನ್ನಬೇಡ, ಆಮೇಲೆ ಜನ ಅದನ್ನೇ ಒಪ್ಪಿಗೆ ಅಂತ ಹಿಡಿದು ಕೂರ್ತಾರೆ. ನನಗೂ ಅನ್ನು, ಜಗಳ ಆದರೆ ಆಗಲಿ.

ಮತ್ತೆ ಪಾಠವಾಯಿತು. ಇರಲಿ. ಚಳಿಗೆ ಕೋಟು ತಗೊಂಡೆಯಾ, ಬಾಡಿಗೆ ಎಷ್ಟು, ಆ ಕೆಮ್ಮು ಏನಾಯಿತು? ಮೂರಕ್ಕೂ ಪೂರ್ತಿ ವಾಕ್ಯದಲ್ಲಿ ಬರಿ.

ಅಪ್ಪ