ಕೊಲೊರಾಡೊದ ಹಿಮದ ಲೆಕ್ಕ ಕೊಂಚಾವರಂ ಕಾಡಿಗೆ ಬೇಡ

ಚಿಂಚೋಳಿ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

‘ಮರ ಕಡದ್ರ ಹಳ್ಳಕ್ಕ ನೀರು ಜಾಸ್ತಿ ಬರ್ತಾವ’ ಎಂಬ ಮಾತು ನಮ್ಮ ಕಡೆ ಓದಿದವರ ಬಾಯಲ್ಲೂ ಬರುತ್ತಿದೆ. ಅದಕ್ಕೆ ಅಮೆರಿಕದ ಪುರಾವೆ ಬೇರೆ ಕೊಡುತ್ತಾರೆ. ಪುರಾವೆ ಸುಳ್ಳಲ್ಲ, ತೊಡಕಿರುವುದೇ ಅಲ್ಲಿ.

ಕೊಲೊರಾಡೊದ ಫ್ರೇಸರ್ ಪ್ರಯೋಗಾರಣ್ಯದಲ್ಲಿ ಫೂಲ್ ಕ್ರೀಕ್ ಎಂಬ ತೊರೆಯಿದೆ. 1950ರ ದಶಕದ ನಡುವೆ ಅದರ ಜಲಾನಯನದ ಸುಮಾರು ಶೇ 40ರಷ್ಟು ಕಾಡನ್ನು ಪಟ್ಟಿಪಟ್ಟಿಯಾಗಿ ಕಡಿದರು. ವರ್ಷದ ಹರಿವು ಮೊದಲಿಗೆ ಶೇ 40ರ ಆಸುಪಾಸು ಏರಿತು. ಅಲ್ಲಿನ ಪೈನ್, ಸ್ಪ್ರೂಸ್ ಮರಗಳು ಚಳಿಗಾಲದಲ್ಲೂ ಹಸಿರೇ. ರೆಂಬೆ ಮೇಲೆ ಕೂತ ಹಿಮದಲ್ಲಿ ಒಂದಷ್ಟು ನೆಲ ಮುಟ್ಟದೆಯೇ ಆವಿಯಾಗುತ್ತದೆ. ಮರ ತೆಗೆದ ಕಡೆ ಅದು ನೆಲಕ್ಕೆ ಬಿತ್ತು, ಬೇಸಿಗೆಯಲ್ಲಿ ತೇವ ಹೀರುವ ಬೇರುಗಳೂ ಇಲ್ಲವಾದವು. ಆದರೆ ಹೆಚ್ಚಾದ ನೀರಿನ ಬಹುಪಾಲು ಬಂದದ್ದು ಹಿಮ ಕರಗಿ ತೊರೆ ಉಕ್ಕುವ ಹೊತ್ತಿಗೇ. ತೊರೆ ಸೊರಗುವ ತಿಂಗಳುಗಳಿಗೆ ಸಿಕ್ಕಿದ್ದು ಅಲ್ಪ. ಇದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅವರಿಗೆ ಹಿಮವೇ ಹಗೇವು, ಚಳಿಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ತೆರೆಯುತ್ತದೆ. ನಮಗಿರುವ ಹಗೇವು ಮಡ್ಡಿಯ ಕೆಂಪು ಜಂಬಿಟ್ಟಿಗೆ ನೆಲ ಒಂದೇ, ಅದೂ ಮೇಲೆ ಎಲೆ, ಒಳಗೆ ಬೇರು ಇದ್ದರೆ. ಇಲ್ಲೂ ಮರ ನೀರು ಕುಡಿಯುತ್ತದೆ, ಕಡಿದರೆ ಒಟ್ಟು ಹರಿವು ಹೆಚ್ಚಲೂಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಯಾವಾಗ? ಆಗಸ್ಟ್ ತಿಂಗಳ ಒಂದೆರಡು ಜಡಿಮಳೆಯಲ್ಲಿ. ಮುಲ್ಲಾಮಾರಿ ನದಿ ಕೆಂಪಾಗಿ ಹರಿದು ಕಾಗಿಣಾ ಸೇರುವ, ದಂಡೆಯ ತೊಗರಿ ನೀರಲ್ಲಿ ನಿಲ್ಲುವ ದಿನಗಳಲ್ಲಿ ಇನ್ನಷ್ಟು ನೀರು ಯಾರಿಗೆ ಬೇಕು? ಜೊತೆಗೆ ಬರುವ ಹೂಳು ಚಂದ್ರಂಪಳ್ಳಿ ಜಲಾಶಯದ ತಳದಲ್ಲಿ ಕೂರುತ್ತದೆ. ಏಪ್ರಿಲ್‌ನಲ್ಲಿ ಬಾವಿಗೆ ಊಟೆ ಬೇಕಾದಾಗ ಆ ನೀರು ಭೀಮೆಯನ್ನೂ ದಾಟಿ ಹೋಗಿರುತ್ತದೆ.

ನಮ್ಮ ಕೊಂಚಾವರಂ ಕಾಡಿನ ಅಭಯಾರಣ್ಯದೊಳಗೆ ಕೊಡಲಿ ಹಾಕುವಂತಿಲ್ಲ, ಸರಿ. ನನ್ನ ಚಿಂತೆ ಅದರ ಹೊರಗಿನ ಮಡ್ಡಿ, ಪಟ್ಟಾ ಜಮೀನು, ಹಳ್ಳದ ದಂಡೆಗಳದ್ದು. ಫೂಲ್ ಕ್ರೀಕ್‌ನವರು ಕೊಡಲಿ ಎತ್ತುವ ಮೊದಲು ವರ್ಷಗಟ್ಟಲೆ ಹರಿವು ಅಳೆದರು, ಪಕ್ಕದ ಇನ್ನೊಂದು ತೊರೆಯನ್ನು ಹೋಲಿಕೆಗೆಂದು ಮುಟ್ಟದೆ ಬಿಟ್ಟರು. ಅವರಿಂದ ಕಲಿಯುವುದಿದ್ದರೆ ಇದನ್ನು ಕಲಿಯೋಣ. ಮುಂದಿನ ಕೆಡಿಪಿ (ಅಭಿವೃದ್ಧಿ ಕೆಲಸಗಳ ಪರಿಶೀಲನಾ) ಸಭೆಯಲ್ಲಿ ಅರಣ್ಯ ಮತ್ತು ಸಣ್ಣ ನೀರಾವರಿ ಇಲಾಖೆಯವರನ್ನು ಎದುರುಬದುರು ಕೂರಿಸಿ. ಕಾಡಿನಿಂದ ಇಳಿಯುವ ಎರಡು ಹಳ್ಳಗಳಿಗಾದರೂ ಹರಿವಿನ ಮಾಪಕ ಹಾಕಿಸಿ, ಹೂಳನ್ನೂ ಅಳೆಸಿ. ಆ ಲೆಕ್ಕ ಕೈಗೆ ಬರುವ ತನಕ ಹಳ್ಳದ ಎರಡೂ ದಂಡೆಯ ಮರಗಳಿಗೆ ಕಡಿತದ ಪರವಾನಗಿ ಕೊಡದಂತೆ ನೋಡಿಕೊಳ್ಳಿ.

ಇಂತಿ,
ತಮ್ಮ ಮತದಾರ, ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ