40 ಎಂಎಲ್ ನೋಡಿ ಹೆದರಬೇಡ

ಬಸವನಗುಡಿ, ಬೆಂಗಳೂರು

ಚಿ. ಸೌ. ಸಿಂಧುಗೆ ದೊಡ್ಡಮ್ಮನ ಆಶೀರ್ವಾದಗಳು.

ಉಳಿದ ವಿಷಯವೆಲ್ಲ ಫೋನಿನಲ್ಲಿ ಆಗಿದೆ, ಬಿಡು. ಕಾಗದದ ಕೊನೆಗೆ ಸಣ್ಣಕ್ಷರದಲ್ಲಿ 'ಹಾಲು ಬತ್ತುತ್ತಾ ಇದೆ ಅನ್ಸುತ್ತೆ ದೊಡ್ಡಮ್ಮ, ಪಂಪ್ ಮಾಡಿದ್ರೆ 40 ಎಂಎಲ್ ದಾಟಲ್ಲ' ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿದ ಮೇಲೆ ನಿದ್ದೆ ಹತ್ತಲಿಲ್ಲ.

ನೀನು ಪಂಪ್ ಇಟ್ಟಿದ್ದು ಪುಟ್ಟಿ ಕುಡಿದಾದ ಮೇಲೆ ತಾನೆ? ಹಾಗಿದ್ದರೆ ಆ 40 ಎಂಎಲ್ ಅವಳು ಕುಡಿದು ಉಳಿಸಿದ್ದು. ಮಗು ಎಳೆದ ಹಾಗೆ ಯಾವ ಮೆಷಿನ್ನೂ ಎಳೆಯುವುದಿಲ್ಲ ಕಣೇ. ಹಾಲು ಸಾಲುತ್ತಿದೆಯೇ ಅನ್ನುವುದನ್ನು ಬಾಟಲಿಯ ಗೆರೆಯಲ್ಲಿ ಹುಡುಕಬೇಡ, ಪುಟ್ಟಿಯ ಲಸಿಕೆ, ತೂಕ ಬರೆದಿಡುವ ತಾಯಿ ಕಾರ್ಡಿನಲ್ಲಿ ನೋಡು. 14ನೇ ವಾರದ ಲಸಿಕೆ ದಿನ ಐದೂವರೆ ಕೆಜಿ ಇದ್ದವಳು ನಾಲ್ಕು ವಾರಕ್ಕೆ ಆರು ಕೆಜಿ ಮುಟ್ಟಿದ್ದಾಳೆ. ಹಾಲಿಲ್ಲದೆ ಆ ಅರ್ಧ ಕೆಜಿ ಎಲ್ಲಿಂದ ಬಂತು? ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಉಚ್ಚೆ ಹೊಯ್ದರೆ, ತೂಕದ ಗೆರೆ ಕೆಳಗೆ ಬಾಗಿದರೆ, ಆಗ ಡಾಕ್ಟರ ಹತ್ತಿರ ಹೋಗು.

ಎದೆ ಮೆತ್ತಗಾಗಿದೆ, ಮೊದಲಿನ ಹಾಗೆ ಸೋರುವುದಿಲ್ಲ ಅಂತಲೂ ಬರೆದಿದ್ದೀಯ. ಮೊದಲ ತಿಂಗಳುಗಳಲ್ಲಿ ಮೈ ಅಳತೆ ತಿಳಿಯದೆ ಹೆಚ್ಚಾಗಿ ಮಾಡುತ್ತದೆ. ಆಮೇಲೆ ಮಗು ಕುಡಿದಷ್ಟಕ್ಕೆ ಹೊಂದಿಕೊಳ್ಳುತ್ತದೆ. ಮೂರು ನಾಲ್ಕು ತಿಂಗಳ ಕೂಸು ಫ್ಯಾನು ನೋಡುತ್ತದೆ, ಬಾಗಿಲ ಸದ್ದಿಗೆ ತಿರುಗುತ್ತದೆ, ಐದು ನಿಮಿಷಕ್ಕೇ ಎದೆ ಬಿಡುತ್ತದೆ. ಹಾಲು ಬತ್ತಿತು ಅಂತ ಬಹಳ ಜನ ತಾಯಂದಿರು ಹೆದರುವುದು ಸರಿಯಾಗಿ ಈ ಹೊತ್ತಿನಲ್ಲೇ. ಹೆದರಿ ಡಬ್ಬದ ಪುಡಿ ಶುರು ಮಾಡುತ್ತಾರೆ, ಮಗು ಎದೆಗೆ ಬರುವುದು ಕಡಿಮೆಯಾಗುತ್ತದೆ, ಆಗ ನಿಜಕ್ಕೂ ಹಾಲು ಇಳಿಯುತ್ತದೆ. ಖಾಲಿಯಾದಷ್ಟೂ ಊರುವುದು ಅದು.

ನಿನ್ನ ಅಮ್ಮ ನಿನ್ನನ್ನು ಹೆತ್ತಾಗ ಹಾಲು ಬತ್ತುತ್ತಿದೆ ಅಂತ ಇದೇ ಮಾತು ಹೇಳಿದ್ದಳು. ಗಡಿಯಾರ ನೋಡಿ ಮೂರು ಗಂಟೆಗೊಮ್ಮೆ ಕೊಡು, ಬಾಣಂತಿ ನೀರು ಜಾಸ್ತಿ ಕುಡಿಯಬಾರದು ಅಂತ ತಡೆದವಳು ನಾನು. ಅದು ತಪ್ಪು. ಇಂದಿಗೂ ಮನಸ್ಸಿಗೆ ಚುಚ್ಚುತ್ತದೆ. ಬಾಯಾರಿದಾಗೆಲ್ಲ ಕುಡಿ. ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿ ತಿನ್ನು, ಒಳ್ಳೆಯದೇ. ಆದರೆ ಹಾಲು ಹೆಚ್ಚುವುದು ಎದೆ ಖಾಲಿ ಮಾಡುವುದರಿಂದ, ರಾತ್ರಿ ಕುಡಿಸುವುದನ್ನು ಬಿಡದೆ ಇರುವುದರಿಂದ.

ಆ ಪಂಪನ್ನೂ ಒಮ್ಮೆ ನೋಡು. ಎದೆಗಿಡುವ ಫನಲ್ ಅಳತೆಗೆ ಸರಿಯಿಲ್ಲದಿದ್ದರೆ ತೊಟ್ಟು ಗೋಡೆಗೆ ಉಜ್ಜಿ ಕೆಂಪಾಗುತ್ತದೆ, ಹಾಲೂ ಕಡಿಮೆ ಬರುತ್ತದೆ. ಒಳಗಿನ ಸಣ್ಣ ಸಿಲಿಕಾನ್ ವಾಲ್ವಿನ ಸೀಳು ಸಡಿಲವಾದರೂ ಎಳೆತ ಕಡಿಮೆಯಾಗುತ್ತದೆ, ಅದೊಂದನ್ನೇ ಬದಲಾಯಿಸಬಹುದು. ಬೆಳಗಿನ ಜಾವ ಹಾಲು ಜಾಸ್ತಿ ಇರುತ್ತದೆ, ಆಗ ಒಂದೊಂದು ಕಡೆ ಹತ್ತು ಹದಿನೈದು ನಿಮಿಷ ಇಡು. ಗೆರೆಯನ್ನೇ ನೋಡುತ್ತಾ ಕೂತರೆ ಹಾಲು ಇಳಿಯುವುದಿಲ್ಲ. ಬಾಟಲಿಗೆ ಕಾಲುಚೀಲ ಹಾಕಿ ಮುಚ್ಚು.

ರಜೆ ಮುಗಿದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಆಫೀಸಿಗೆ ಹೋಗಿ ಬರುವುದು ಸೇರಿ ಹತ್ತು ಗಂಟೆ ಅಂದೆ. ಪುಟ್ಟಿಗೆ ಗಂಟೆಗೆ 30 ಎಂಎಲ್ ಲೆಕ್ಕ ಹಿಡಿದರೆ 300, ಅಂದರೆ 100ರಂತೆ ಮೂರು ಸಲ. ಫ್ರೀಜರ್ ತುಂಬಿಸಬೇಕಾಗಿಲ್ಲ. ಮೊದಲ ದಿನಕ್ಕೆ ಬೇಕಾದ್ದು, ಮೇಲೆ ಸ್ವಲ್ಪ, ಅಷ್ಟು ಸಾಕು. ಇವತ್ತು ಆಫೀಸಿನಲ್ಲಿ ತೆಗೆದದ್ದು ನಾಳೆಗೆ. ಹೊಸ ಬೆಚ್ಚಗಿನ ಹಾಲನ್ನು ತಣ್ಣಗಿರುವುದಕ್ಕೆ ಸುರಿಯಬೇಡ, ಆರಿಸಿ ಸೇರಿಸು. ಹೊರಗೆ 25 ಡಿಗ್ರಿಯೊಳಗೆ ನಾಲ್ಕು ಗಂಟೆ ಇರುತ್ತದೆ ಅನ್ನುತ್ತಾರೆ, ನಮ್ಮ ಏಪ್ರಿಲ್ ಬಿಸಿಲಿಗೆ ಅದನ್ನು ನಂಬಬೇಡ. ಫ್ರಿಜ್ಜಿನ ಬಾಗಿಲಲ್ಲಿ ಇಡದೆ ಒಳಗೆ ಹಿಂದಕ್ಕಿಡು. ಕೆನೆ ಮೇಲೆ ನಿಂತರೆ, ಸ್ವಲ್ಪ ಸೋಪಿನ ವಾಸನೆ ಬಂದರೆ ಕೆಟ್ಟಿತು ಅಂತ ಅತ್ತೆ ಚೆಲ್ಲಿಬಿಟ್ಟಾರು, ಮೊದಲೇ ಹೇಳಿಡು. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಲಿ, ಮೈಕ್ರೋವೇವ್ ಬೇಡ.

ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಯಿತಲ್ಲ, ಐವತ್ತು ಜನರಿರುವ ಕಡೆ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿಬರಬಹುದು ಅಂತಲೂ ಅದರಲ್ಲೇ ಬಂತು. ಕೇಳುವುದಕ್ಕೆ ಸಂಕೋಚ ಬೇಡ. ಪಂಪ್ ಮಾಡಲು ಚಿಲಕ ಇರುವ ಕೋಣೆಯನ್ನೂ ಕೇಳು, ಟಾಯ್ಲೆಟ್ಟಿನಲ್ಲಿ ಕೂತು ತೆಗೆಯಬೇಡ.

ಇಷ್ಟೆಲ್ಲ ಬರೆದು ತಲೆ ತಿಂದೆನೇನೋ. ಆ 40 ಎಂಎಲ್ ನಿನ್ನ ಕಣ್ಣ ಮುಂದಿಂದ ಹೋದರೆ ಸಾಕು ನನಗೆ.

ನಿನ್ನಮ್ಮನ ಕೈಲಿ ಬೆಳ್ಳಿಯ ಒಳಲೆ, ಅದೇ ಮಗುವಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು, ಕಳಿಸಿದ್ದೇನೆ. ತೊಳೆದು ಕುದಿಸಿ ಇಟ್ಟುಕೊ. ನೀನು ಹೊರಡುವುದಕ್ಕೆ ಎರಡು ವಾರ ಮುಂಚಿನಿಂದಲೇ ದಿನಕ್ಕೊಂದು ಸಲ ಅತ್ತೆ ಅದರಲ್ಲಿ ಕುಡಿಸಲಿ, ಪುಟ್ಟಿಯನ್ನು ಎತ್ತಿ ಕೂರಿಸಿಕೊಂಡು, ತುಟಿಯಂಚಿಗೆ ಸ್ವಲ್ಪಸ್ವಲ್ಪವೇ. ಆ ಹೊತ್ತಿಗೆ ನೀನು ರೂಮಿನಲ್ಲಿರಬೇಡ. ನಿನ್ನ ವಾಸನೆ ಸಿಕ್ಕರೆ ಅವಳು ಒಳಲೆ ಮುಟ್ಟುವುದಿಲ್ಲ.

ನಿನ್ನ ದೊಡ್ಡಮ್ಮ