ಸಂತೋಷಕ್ಕೂ ರೂಢಿ ಬೇಕು

ಮಾನ್ಯ ಸಂಪಾದಕರೇ,

ಸಂತೋಷವೆಂದರೆ ದೊಡ್ಡ ಗೆಲುವಿನ ಬೆನ್ನಿಗೆ ತಾನಾಗಿ ಬರುವ ಅತಿಥಿ ಎಂದು ನಂಬಿ, ದಿನನಿತ್ಯದ ಸಣ್ಣ ರೂಢಿಗಳನ್ನು ನಾವು ಅಲಕ್ಷಿಸುತ್ತಿದ್ದೇವೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಆರಂಭವಾಗಿ, ಮೊದಲು ಸೇರಿದವರ ಮಕ್ಕಳ ತಲೆಮಾರಿಗೂ ಮುಂದುವರಿದಿರುವ ಅಧ್ಯಯನವು, ಇಳಿವಯಸ್ಸಿನ ಆರೋಗ್ಯಕ್ಕೂ ನೆಮ್ಮದಿಗೂ ಹಣ, ಕೀರ್ತಿಗಳಿಗಿಂತ ಆಪ್ತ ಸಂಬಂಧಗಳೇ ಹೆಚ್ಚಿನ ಆಧಾರವೆಂದು ಕಂಡುಕೊಂಡಿದೆ. ಆದರೆ ಸಂಬಂಧವೂ ಆರೈಕೆ ಬೇಡುತ್ತದೆ. ಕಾರಣವಿಲ್ಲದೆ ಹಳೆಯ ಗೆಳೆಯನಿಗೆ ಕರೆ ಮಾಡುವುದು, ಊಟದ ಹೊತ್ತಿನಲ್ಲಿ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಎದುರಿಗಿರುವವರ ಮಾತನ್ನು ಪೂರ್ತಿಯಾಗಿ ಕೇಳುವುದು ಆ ಆರೈಕೆಯೇ. (ಕೇಳುವುದೇ ಕಷ್ಟ, ನಾನಂತೂ ಇನ್ನೂ ಕಲಿಯುತ್ತಿದ್ದೇನೆ.) ನಿದ್ರೆ, ನಡಿಗೆಗಳ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

21 ದಿನಗಳಲ್ಲಿ ಯಾವುದೇ ಅಭ್ಯಾಸ ಮೈಗೂಡುತ್ತದೆ ಎಂಬ ಪ್ರಚಾರ ಮಾತ್ರ ದಾರಿ ತಪ್ಪಿಸುವಂಥದ್ದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ ಅದಕ್ಕೆ ಸಾಮಾನ್ಯವಾಗಿ 66 ದಿನಗಳಷ್ಟು ಹಿಡಿಯಿತು, ಕೆಲವರಿಗೆ ಇನ್ನೂ ಬಹಳ ಹೆಚ್ಚು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಪತ್ರಿಕೆಗಳು ತಮ್ಮ ಆರೋಗ್ಯ ಪುಟಗಳಲ್ಲಿ ಈ ಸಂಗತಿಯನ್ನು ಒತ್ತಿ ಹೇಳಿದರೆ, ಮೂರನೆಯ ವಾರಕ್ಕೇ ಕೈಚೆಲ್ಲುವವರಿಗೆ ಮುಂದುವರಿಯುವ ಧೈರ್ಯ ಬಂದೀತು.

ಇಂತಿ,
ನಿಮ್ಮ ಓದುಗ